ಶಿವನಿ ಗೇಟಿನಲ್ಲಿ ಇಳಿದವನು

ದೆವ್ವದ ಕಥೆ ಅಂದುಕೊಂಡು ಓದುವವರು ಓದಿ, ನನ್ನದೇನೂ ಅಭ್ಯಂತರವಿಲ್ಲ. ಆದರೆ ಇದು ನಡೆದದ್ದು. ಎಪ್ಪತ್ತರ ದಶಕದ ಕೊನೆಯಲ್ಲಿ, ತರೀಕೆರೆಯಿಂದ ಅಜ್ಜಂಪುರದ ಮೇಲೆ ಶಿವನಿ ಊರಿಗೆ ಹೋಗುವ ಕೊನೇ ಬಸ್ಸಿಗೆ ನಾನು ಕಂಡಕ್ಟರ್ ಆಗಿದ್ದಾಗ.

ಅಜ್ಜಂಪುರ ದಾಟಿದ ಮೇಲೆ ಬಸ್ಸು ಹೆಚ್ಚುಕಡಿಮೆ ಖಾಲಿ. ಹಿಂದಿನ ಸೀಟಿನಿಂದ ಕೆಮ್ಮು ಕೇಳಿಸಿತು... ಬೀಡಿ ವಾಸನೆ, ಅದರ ಜೊತೆಗೆ ಬಾವಿ ಹೂಳಿನ ವಾಸನೆ. ಟಿಕೆಟ್ ಕೇಳಲು ಹೋದವನು ಅಲ್ಲೇ ನಿಂತೆ. ಕೂತಿದ್ದವನು ಚಂದ್ರಪ್ಪ.

ನಮ್ಮೂರಿನವನೇ. ಸತ್ತು ಎರಡು ವರ್ಷವಾಗಿತ್ತು. ಬಾವಿಯಲ್ಲಿ ಸಿಕ್ಕ ಹೆಣಕ್ಕೆ ಮುಖವೇ ಉಳಿದಿರಲಿಲ್ಲ. ಅಂಗಿ ನೋಡಿ ಅವನೇ ಎಂದರು. ಹೊಲದ ಬದುವಿನ ಜಗಳದಲ್ಲಿ ಅಣ್ಣನನ್ನು ಕೊಂದನೆಂದು ಅವನ ತಮ್ಮ ರುದ್ರೇಶನಿಗೆ ಗಲ್ಲುಶಿಕ್ಷೆಯಾಗಿತ್ತು. ಇನ್ನೂ ನೇಣಿಗೆ ಹಾಕಿರಲಿಲ್ಲ.

ಶಿವನಿ ರೈಲ್ವೆ ಗೇಟಿನ ಹತ್ತಿರ ಚಂದ್ರಪ್ಪ ಇಳಿದು ಕತ್ತಲೊಳಗೆ ಹೋದ. ನಾನು ಸೀಟಿ ಊದಿ ಬಸ್ಸು ಬಿಡಿಸಿದೆ.

ಬೆಳಗ್ಗೆ ಅವರ ತಾಯಿ ಗೌರಮ್ಮನಿಗೆ ಹೇಳಿದೆ. ಆಕೆ ಕೇಳಿದ್ದು ಒಂದೇ ಮಾತು. "ಉಸಿರಾಡ್ತಿದ್ನೇನಪ್ಪಾ?"

"ಕೆಮ್ತಿದ್ದ ಕಣಮ್ಮ."

ಇಬ್ಬರೂ ಪೊಲೀಸ್ ಸ್ಟೇಷನ್ನಿಗೆ ಹೋದೆವು. ಯಾರೂ ನಂಬಲಿಲ್ಲ ಎಂದುಕೊಳ್ಳಬೇಡಿ. ಎಲ್ಲರೂ ನಂಬಿದರು, ನನ್ನ ಕರ್ಮ. ಡ್ರೈವರು ಕನ್ನಡಿಯಲ್ಲಿ ತಾನೂ ನೋಡಿದೆ ಎಂದ... ದೆವ್ವವನ್ನು. ತಮ್ಮನನ್ನು ನೇಣಿಗೆ ಹಾಕುವವರೆಗೂ ಆ ಆತ್ಮಕ್ಕೆ ಶಾಂತಿಯಿಲ್ಲ, ಅದಕ್ಕೇ ಅಲೆಯುತ್ತಿದೆ ಎಂದರು ಸಬ್ ಇನ್ಸ್‌ಪೆಕ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

"ನಂದು ತಪ್ಪಾದ್ರೆ ರುದ್ರೇಶ ಜೈಲಲ್ಲೇ ಇರ್ತಾನೆ ಸಾರ್, ಎಲ್ಲೂ ಓಡೋಗಲ್ಲ. ನಿಮ್ದು ತಪ್ಪಾದ್ರೆ, ಹಗ್ಗದಿಂದ ಇಳಿಸಿ ಈಯಮ್ಮನಿಗೆ ವಾಪಸ್ ಕೊಡ್ತೀರಾ?"

ದೆವ್ವ ಕಂಡು ತಲೆ ಕೆಟ್ಟಿದೆ, ತಾಯಿತ ಕಟ್ಟಿಸಿಕೋ ಎಂದರು.

ರುದ್ರೇಶನ ಕೇಸು ನಡೆಸಿದ್ದ ಕಡೂರಿನ ವಕೀಲರು ಆ ಮನುಷ್ಯನನ್ನೇ ಕರೆತಂದರೆ ನೋಡೋಣ ಎಂದರು. ಹುಡುಕಿಸಿ ಎಂದು ಕೈಮುಗಿದು ಬೇಡಿದರೆ, ದೆವ್ವವನ್ನು ಎಲ್ಲಿ ಹುಡುಕುವುದು ಎಂದು ಸ್ಟೇಷನ್ನಿನಲ್ಲಿ ನಕ್ಕರು. ದಿನಾ ರಾತ್ರಿ ಹಿಂದಿನ ಸೀಟು ನೋಡಿ ನೋಡಿ ನನಗೆ ಸಾಕಾಯಿತು. ಅವನು ಬರಲಿಲ್ಲ.

ರುದ್ರೇಶನನ್ನು ನೇಣಿಗೆ ಹಾಕಿದರು. ಇನ್ನು ಚಂದ್ರಪ್ಪ ಕಾಣಿಸುವುದಿಲ್ಲ ಎಂದು ಊರು ನೆಮ್ಮದಿಯಾಗಿ ಮಲಗಿತು.

ಬೇಸಿಗೆಯ ಒಂದು ರಾತ್ರಿ... ಮತ್ತೆ ಆ ಕೆಮ್ಮು. ಟಿಕೆಟ್ ಕೊಡುವಾಗ ಬೆರಳಿಗೆ ಬೆರಳು ತಾಗಿತು. ನನ್ನ ಕೈಯೇ ತಣ್ಣಗಾಗಿಬಿಟ್ಟಿತ್ತು. ಅವನದು ಬೆಚ್ಚಗಿತ್ತೋ ಇಲ್ಲವೋ ತಿಳಿಯಲಿಲ್ಲ.

"ನಮ್ ರುದ್ರೇಶ ಮನೇಲಿದಾನೇನಪ್ಪಾ?" ಎಂದ.

ಗೇಟು ಬಂತು, ಇಳಿದ. ಹಿಡಿದುಕೊಳ್ಳಬಹುದಿತ್ತು. ಹಿಡಿದು, ಇನ್ನು ಯಾರಿಗೆ ತೋರಿಸಲಿ?

ಅದು ದೆವ್ವವೇ ಆಗಿರಲಪ್ಪಾ ಎಂದು ಇವತ್ತಿಗೂ ಬೇಡಿಕೊಳ್ಳುತ್ತೇನೆ.