ಪೂವಪ್ಪನ ಬಟಾಟೆ ಬರ್ಫಿ

ಮುಂಬಯಿಯ ಆಚೆ ಡೊಂಬಿವಲಿ ಪೂರ್ವದಲ್ಲಿ ಸ್ಟೇಷನ್ ಹತ್ತಿರ ಪ್ರೇಮನಾಥ ಶೆಟ್ಟರ ಹೋಟೆಲು ಈಗಲೂ ಉಂಟು. ಆ ಕಡೆ ಹೋಗಬೇಕಾದರೆ ನಾನು ರಸ್ತೆ ದಾಟಿ ಆಚೆ ಬದಿಯಲ್ಲಿ ಹೋಗುತ್ತೇನೆ. ಅದೇ ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಂತು ದೋಸೆ ಹೊಯ್ದು ಅರ್ಧ ಆಯುಷ್ಯ ಕಳೆದವನು ನಾನು. ಆದರೆ ಈಗ ಅಲ್ಲಿಯ ಒಂದು ಲೋಟ ನೀರೂ ನನಗೆ ಬೇಡ. ಕಿಟ್ಟಣ್ಣನಿಗೆ ತಲೆಬಿಸಿ ಜಾಸ್ತಿ, ಯಾವ ಕಾಲದ್ದನ್ನೋ ಹಿಡಿದುಕೊಂಡು ಕೂತಿದ್ದಾನೆ ಎಂದು ಜನ ಹೇಳುತ್ತಾರೆ. ಹೇಳಲಿ. ಈ ಸಿಟ್ಟು ಪೂವಪ್ಪನಿಗೆ ಸೇರಬೇಕಾದದ್ದು. ಅವನಿಗೆ ಸಿಟ್ಟು ಮಾಡಲು ಬರುತ್ತಿರಲಿಲ್ಲ. ಅದಕ್ಕೆ ನಾನು ಇಟ್ಟುಕೊಂಡಿದ್ದೇನೆ.

ಪೂವಪ್ಪ ಮೂಡುಬಿದಿರೆ ಕಡೆಯವನು. ಹುಡುಗನಾಗಿದ್ದಾಗಲೇ ಬಂದು ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಬಣ್ಣದ ಕಂಪೆನಿಗೆ ಸೇರಿದ. ಅವನು ಕೆಲಸ ಮಾಡುತ್ತಿದ್ದ ಶೆಡ್ಡಿನಲ್ಲಿ ಇಡೀ ದಿನ ಹೊಗೆಯಂಥ ಹಬೆ. ಮನೆಗೆ ಬಂದು ಕರವಸ್ತ್ರಕ್ಕೆ ಮೂಗು ಸೀಟಿದರೆ ಒಂದು ದಿನ ಹಳದಿ, ಒಂದು ದಿನ ನೀಲಿ. ಮೊದಲು ಮೂಗಿಗೆ ವಾಸನೆ ತಿಳಿಯದಾಯಿತು. ಆಮೇಲೆ ಒಂದು ದಿನ ಟ್ಯಾಂಕಿನಿಂದ ಏನೋ ಸೋರಿ ಬಾಯಿ ಗಂಟಲು ಎಲ್ಲ ಸುಟ್ಟಿತು. ಸುಟ್ಟದ್ದು ಮಾಗಿತು, ರುಚಿ ವಾಪಸು ಬರಲಿಲ್ಲ. ಡಾಕ್ಟರು ನರ ಸತ್ತಿದೆ ಎಂದರು. ಕಂಪೆನಿಯವರು ಗೇಟಿಗೆ ಬೀಗ ಹಾಕಿ ಎಲ್ಲಿಗೋ ಹೋದರು. ಹೆಂಡತಿ ಸತ್ಯಮ್ಮ ಮೀನು ಸಾರು ಮಾಡಿದರೂ ಒಂದೇ, ಗಂಜಿ ಬಡಿಸಿದರೂ ಒಂದೇ. ಆದರೂ ಅವನು ಊಟದ ಕೊನೆಗೆ ತಪ್ಪದೆ, "ಒಳ್ಳೆದಾಗಿದೆ ಮಾರಾಯ್ತಿ" ಎನ್ನುತ್ತಿದ್ದ.

ಎರಡು ಸಾವಿರದ ಎರಡನೇ ಇಸವಿಯಲ್ಲಿ ನಮ್ಮ ಹೋಟೆಲಿಗೆ ಬಟಾಟೆ ಸುಲಿಯಲು ಬಂದ. ನಾಲಿಗೆಯ ವಿಷಯ ಯಾರಿಗೂ ಹೇಳಲಿಲ್ಲ. ರುಚಿ ಗೊತ್ತಾಗದವನನ್ನು ಅಡುಗೆಕೋಣೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ?

ಆ ವರ್ಷ ಆಷಾಢಿ ಏಕಾದಶಿ. ಅಂದು ಊರಿಡೀ ಉಪವಾಸ, ದೋಸೆ ಮುಟ್ಟುವವರಿಲ್ಲ. ತಂದು ಹಾಕಿದ ಬಟಾಟೆ ಮೂಟೆ ಹಾಗೇ ಬಿದ್ದಿತ್ತು. ಪೂವಪ್ಪ ಒಂದು ಪಾತ್ರೆಯಷ್ಟು ಬೇಯಿಸಿ, ಬಿಸಿಬಿಸಿ ಇರುವಾಗಲೇ ಸುಲಿದು, ಹಿಟ್ಟು ಜರಡಿಯ ಮೇಲೆ ಅಂಗೈಯಿಂದ ಒತ್ತಿ ಇಳಿಸಿದ. ಅವನ ಅಜ್ಜಿ ಗೆಣಸಿನಲ್ಲಿ ಏನೋ ಮಾಡುತ್ತಿದ್ದಳಂತೆ. ತುಪ್ಪ, ಸಕ್ಕರೆ, ಏಲಕ್ಕಿ ಹಾಕಿ ಬಾಣಲೆಯಲ್ಲಿ ಮಗುಚುತ್ತಾ ಮಗುಚುತ್ತಾ ತಳ ಬಿಟ್ಟು ಉಂಡೆಯಾಗುವ ಹೊತ್ತಿಗೆ ತಟ್ಟೆಗೆ ಸುರಿದು ಕತ್ತರಿಸಿದ. ಬಟಾಟೆ ಉಪವಾಸಕ್ಕೆ ಆಗುತ್ತದೆ, ಉಪವಾಸದವರು ತಿಂದರು. ಮಾರನೇ ದಿನ ಉಪವಾಸ ಇಲ್ಲದವರೂ ಕೇಳಿಕೊಂಡು ಬಂದರು. ಶೆಟ್ಟರು ಅವನಿಗೆ ಬಾಣಲೆ ಕೊಟ್ಟರು. ಬಟಾಟೆ ಬರ್ಫಿ, ಬಟಾಟೆ ಜಾಮೂನು, ಶ್ರಾವಣದಲ್ಲಿ ಬಟಾಟೆ ಹಲ್ವ.

ಮಕ್ಕಳಿಗೆಂದು ಒಂದು ಬೇರೆ ಸಿಹಿ ಮಾಡುತ್ತಿದ್ದ. ನುರಿದ ಬಟಾಟೆಗೆ ಪುಡಿ ಸಕ್ಕರೆ ಹಾಕಿ ಕಲಸಿದರೆ ಮೊದಲು ಅದು ನೀರು ನೀರಾಗುತ್ತದೆ. ನೋಡಿದವರು ಕೆಟ್ಟುಹೋಯಿತು ಎಂದು ಚೆಲ್ಲಬೇಕು, ಹಾಗೆ. ಪೂವಪ್ಪ ಹೆದರದೆ ಸಕ್ಕರೆ ಹಾಕುತ್ತಲೇ ಇರುವನು. ಕಡೆಗೆ ಅದು ಚಪಾತಿ ಹಿಟ್ಟಿನ ಹದಕ್ಕೆ ಬರುವುದು. ಸಣ್ಣ ಗೋಲಿ ಮಾಡಿ ಕೊಬ್ಬರಿ ತುರಿಯಲ್ಲಿ ಹೊರಳಿಸಿ ಕೊಡುವನು. ಶೆಟ್ಟರ ಮಗಳು ಅನುಷ್ಕಾ ಆಗ ಶಾಲೆಗೆ ಹೋಗುವ ಹುಡುಗಿ. ದಿನಾ ಸಂಜೆ ಅಡುಗೆಕೋಣೆಯ ಬಾಗಿಲಿಗೆ ಬಂದು, "ಅಂಕಲ್, ಬಟಾಟಾ ಚಾಕಲೇಟ್" ಎಂದು ಕೈ ನೀಡುವಳು. ಮಕ್ಕಳಿಲ್ಲದ ಪೂವಪ್ಪನ ಮುಖ ಆಗ ನೋಡಬೇಕಿತ್ತು.

ಪ್ರತಿ ಸಲ ನನ್ನನ್ನು ಕರೆಯುತ್ತಿದ್ದ. "ಕಿಟ್ಟಣ್ಣ, ಸ್ವಲ್ಪ ನೋಡಿ. ಸಿಹಿ ಸಮ ಉಂಟಾ?" ನಾನು ತಿಂದು ತಲೆಯಾಡಿಸಿದರೆ ಮಾತ್ರ ತಟ್ಟೆ ಹೊರಗೆ. ಇವನಿಗೆ ಎಂತ ಭಯ ಎಂದುಕೊಂಡಿದ್ದೆ. ಒಂದು ದಿನ ತಮಾಷೆಗೆ ಅವನ ಚಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿ ಕೊಟ್ಟೆ. ಪೂರ್ತಿ ಕುಡಿದು ಲೋಟ ಕೆಳಗಿಟ್ಟ. "ಚಾ ಲಾಯ್ಕಿತ್ತು."

ನಗಲು ತೆರೆದ ಬಾಯಿ ಹಾಗೇ ನಿಂತಿತು. ಅವನು ನನ್ನ ಮುಖ ನೋಡಿದ, ಲೋಟ ನೋಡಿದ, ಗೊತ್ತಾಯಿತು. "ಯಾರಿಗೂ ಹೇಳ್ಬೇಡಿ ಕಿಟ್ಟಣ್ಣ. ಈ ಬಾಣಲೆ ಹೋದ್ರೆ ನನ್ನತ್ರ ಬೇರೆ ಎಂತದೂ ಇಲ್ಲ" ಎಂದ. ನಾನು ಮಾತು ಕೊಟ್ಟೆ. ಅಂದಿನಿಂದ ಅವನ ಕೈ, ನನ್ನ ನಾಲಿಗೆ.

ಬೆಳೆದು ದೊಡ್ಡವಳಾದ ಅನುಷ್ಕಾಳ ಮದುವೆ ನಿಶ್ಚಯ ಘೋಡಬಂದರ್ ರಸ್ತೆಯ ಒಂದು ದೊಡ್ಡ ಹಾಲ್‌ನಲ್ಲಿ. ಗಂಡಿನ ಕಡೆಯವರು ಖಾರ್ಘರ್‌ನವರು, ಭಾರಿ ಕುಳ. ಕಾಜು ಕತ್ಲಿ ತರಿಸುವ ಮಾತು ನಡೆದಿತ್ತು. ಹುಡುಗಿ ಕೇಳಲಿಲ್ಲ. ತಾನೇ ಅಡುಗೆಕೋಣೆಗೆ ಬಂದು, "ಅಂಕಲ್, ಮಿಠಾಯಿ ಆಪ್ ಹೀ ಬನಾಓಗೇ" ಎಂದಳು, ಮಿಠಾಯಿ ನೀವೇ ಮಾಡಬೇಕು ಎಂದು ಹಟ. ಪೂವಪ್ಪ ಆ ವಾರವಿಡೀ ಬಾಣಲೆ ಉಜ್ಜಿದ್ದೇ ಉಜ್ಜಿದ್ದು.

ಅಂದು ಬೆಳಿಗ್ಗೆ ಮುಂಬ್ರಾದ ಹತ್ತಿರ ಲೋಕಲ್ ನಿಂತುಬಿಟ್ಟಿತು. ಪೂವಪ್ಪ ಸಂಸಾರ ಮಾಡಿಕೊಂಡಿದ್ದ ಖೋಲಿ ಇದ್ದದ್ದು ಆ ಕಡೆಯೇ. ಹಳಿಯ ಮೇಲೆ ನಡೆದು, ರಿಕ್ಷಾ ಹಿಡಿದು ಅವನು ಹೋಟೆಲಿಗೆ ಬಂದು ಮುಟ್ಟುವಾಗ ತಡವಾಗಿತ್ತು. ಆಳು ಬೆವರಿನಲ್ಲಿ ಮಿಂದಿದ್ದ. ನೋಡಿದರೆ ಬಟಾಟೆ ಆಗಲೇ ಬೆಂದು ಬುಟ್ಟಿಯಲ್ಲಿತ್ತು. ಶೆಟ್ಟರೇ ಪಂಚೆ ಎತ್ತಿ ಕಟ್ಟಿ, ಹೋಳು ಮಾಡಿ ಬೇಯಿಸಿ ಇಟ್ಟಿದ್ದರು. ಮಗಳ ಕಾರ್ಯ, ಸಹಾಯ ಮಾಡಿದರು. ಅದನ್ನು ನಾನು ಇಲ್ಲ ಎನ್ನುವುದಿಲ್ಲ.

ಮಸಾಲೆ ದೋಸೆಯ ಪಲ್ಯಕ್ಕೆ ಬಟಾಟೆ ಬೇಯಿಸುವಾಗ ನಮ್ಮ ಹೋಟೆಲುಗಳಲ್ಲಿ ನೀರಿಗೇ ಉಪ್ಪು ಹಾಕುತ್ತಾರೆ. ಬರ್ಫಿಯ ಬಟಾಟೆಯನ್ನು ಪೂವಪ್ಪ ಯಾವಾಗಲೂ ಬೇರೆ ಪಾತ್ರೆಯಲ್ಲಿ, ಸಪ್ಪೆ ನೀರಿನಲ್ಲಿ ತಾನೇ ಬೇಯಿಸುತ್ತಿದ್ದ. ಅದಕ್ಕೇ ಕೇಳಿದ, "ಶೆಟ್ರೆ, ಉಪ್ಪು ಹಾಕ್ಲಿಲ್ಲ ಅಲ್ವಾ?"

"ಹುಟ್ಟಿದಂದಿನಿಂದ ಹೋಟೆಲಲ್ಲೇ ಇರುವವ ನಾನು. ನನಗೆ ಕಲಿಸ್ತೀಯಾ? ಬೇಗ ಬಾಣಲೆ ಇಡು."

ಇದನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ.

ಬರ್ಫಿ ಆಯಿತು. ಎಂದಿನಂತೆ ನನ್ನನ್ನು ಕರೆದ. ನಾನು ಕೈ ಚಾಚುವಷ್ಟರಲ್ಲಿ ಶೆಟ್ಟರ ತಾಯಿ ಉಮಾವತಿಯಮ್ಮ ಬಾಗಿಲಲ್ಲಿ. "ಏ ಕಿಟ್ಟಣ್ಣ, ಕೈ ತೆಗಿ. ಶುಭಕಾರ್ಯದ ಸಿಹಿ. ದೇವರ ಎದುರು ಇಡದೆ ಯಾರೂ ಬಾಯಿಗೆ ಹಾಕುವಂತಿಲ್ಲ. ಹಾಲ್‌ನಲ್ಲಿ ದೇವರಿಗೆ ಇಟ್ಟ ಮೇಲೆ ಮಾಡಿದವನೇ ಮೊದಲ ತುಂಡು ತಿನ್ನುವುದು, ಆಮೇಲೆ ಉಳಿದವರು. ಅದು ನಮ್ಮ ಮನೆಯ ಕ್ರಮ."

ಹಿರಿಯರ ಮಾತು. ಕೈ ತೆಗೆದೆ.

ಹಾಲ್‌ನಲ್ಲಿ ನನಗೆ ನೀರುದೋಸೆಯ ಕೆಲಸ, ಒಂದು ಮೂಲೆಯಲ್ಲಿ. ದೇವರಿಗೆ ಇಟ್ಟಾದ ಮೇಲೆ ಪೂವಪ್ಪನನ್ನು ಎಲ್ಲರ ಎದುರು ಕರೆದರು. ಹೊಸ ಬಿಳಿ ಅಂಗಿ ಹಾಕಿದ್ದ. ಒಂದು ತುಂಡು ಬಾಯಿಗೆ ಹಾಕಿದ, ನಿಧಾನ ಅಗಿದ, ಕಣ್ಣು ಮುಚ್ಚಿ ತಲೆಯಾಡಿಸಿದ. "ಸಮ ಉಂಟು ಅಮ್ಮ" ಎಂದ. ಮನೆಯಲ್ಲಿ ಸತ್ಯಮ್ಮನಿಗೆ ದಿನಾ ಹೇಳುತ್ತಿದ್ದ ಅದೇ ಧಾಟಿಯಲ್ಲಿ.

ಮೊದಲು ತಿಂದದ್ದು ಗಂಡಿನ ಸೋದರಮಾವ. ಬಾಯಿಂದ ತೆಗೆದು ಟಿಶ್ಯೂ ಕಾಗದದಲ್ಲಿ ಸುತ್ತಿ ಕೇಳಿದರು, "ಇದೆಂತ ಶೆಟ್ರೆ, ಖಾಡಿಯ ಉಪ್ಪುನೀರಲ್ಲಿ ಮಾಡಿಸಿದ್ದಾ?" ನಗೆ ಎದ್ದಿತು. ಒಬ್ಬೊಬ್ಬರೇ ಉಗುಳಿದರು.

ಶೆಟ್ಟರು ಒಂದು ಚೂರು ಬಾಯಿಗೆ ಹಾಕಿದರು. ನಾನು ನೀರುದೋಸೆ ಬಿಟ್ಟು ಬಂದಿದ್ದೆ, ಅವರ ಮುಖವನ್ನೇ ನೋಡುತ್ತಿದ್ದೆ. ಅವರಿಗೆ ಗೊತ್ತಾಯಿತು. ಆ ಕ್ಷಣವೇ ಗೊತ್ತಾಯಿತು. ಮರುಕ್ಷಣ ಪೂವಪ್ಪನ ಕಡೆ ತಿರುಗಿದರು.

"ನೀನು ತಿಂದೆಯಲ್ಲ? ಸಮ ಉಂಟು ಅಂದೆಯಲ್ಲ? ಬಾಯಲ್ಲಿ ನಾಲಿಗೆ ಉಂಟಾ, ಚಪ್ಪಲಿ ಉಂಟಾ?"

ಹಿಂದಿನಿಂದ ಯಾರೋ, "ಬೇಕಂತಲೇ ಮಾಡಿದ್ದಿರ್ಬೇಕು. ಧಣಿಯ ಮೇಲೆ ಎಂತದೋ ಹೊಟ್ಟೆಯಲ್ಲಿಟ್ಟುಕೊಂಡು" ಎಂದರು.

ನಾನು ಬಾಯಿ ತೆರೆದೆ. ಪೂವಪ್ಪ ನನ್ನ ಮಣಿಕಟ್ಟು ಹಿಡಿದ. ಆ ಹಿಡಿತ ಇನ್ನೂ ನೆನಪಿದೆ. ಬಟಾಟೆಯದು ಹೇಳಿದರೆ ನಾಲಿಗೆಯದೂ ಹೇಳಬೇಕು. ಅಷ್ಟರಲ್ಲಿ ಅನುಷ್ಕಾ ಹತ್ತಿರ ಬಂದಳು. ಸೀರೆ, ಹೂವು, ಕಣ್ಣು ತುಂಬ ನೀರು. "ಅಂಕಲ್, ಐಸಾ ಕ್ಯೂಂ ಕಿಯಾ?" ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿ ಅವಳು ತಿರುಗಿ ಹೋದಳು.

ಮಾರನೇ ದಿನ ಬುಟ್ಟಿಯ ತಳದಲ್ಲಿ ಉಳಿದಿದ್ದ ಬಟಾಟೆ ಹೋಳು ಕಚ್ಚಿ ನೋಡಿದೆ. ಉಪ್ಪು. ಅದನ್ನು ತೆಗೆದುಕೊಂಡು ಹೋಗಿ ಶೆಟ್ಟರು ಕೂರುವ ಹಣದ ಗಲ್ಲೆಯ ಮೇಲೆ ಇಟ್ಟೆ. ಪೂವಪ್ಪನೂ ಹಿಂದೆ ಬಂದ. ಶೆಟ್ಟರು ಸುಳ್ಳು ಹೇಳಲಿಲ್ಲ.

"ನನ್ನ ಕೈಯದ್ದೇ. ಅಭ್ಯಾಸಬಲ, ತಿಳಿಯದೆ ಹಿಡಿ ತುಂಬ ಉಪ್ಪು ಹೋಗಿದೆ. ಹೊಸ ಬೀಗರ ಎದುರು ಹೇಗೆ ಹೇಳುವುದು ಪೂವಪ್ಪ? ಮದುವೆಯೊಂದು ಮುಗಿಯಲಿ. ಅನುಷ್ಕಾ ಮಗುವಿಗೆ ನಾನೇ ಹೇಳ್ತೇನೆ, ಎಲ್ಲರಿಗೂ ಹೇಳ್ತೇನೆ. ಅಷ್ಟರವರೆಗೆ ಬಾಣಲೆಯ ಹತ್ತಿರ ಬರಬೇಡ. ಜನ ಮಾತಾಡ್ತಾರೆ."

"ಮಗುವಿಗೆ ಹೇಳಿದ್ರೆ ಸಾಕು ಶೆಟ್ರೆ" ಎಂದ ಪೂವಪ್ಪ.

"ನಿಮಗೆ ಮರ್ಯಾದೆ ಉಂಟಾ?" ಎಂದು ನಾನು ಕೂಗಿದೆ. ಅದಕ್ಕೆ ಬೈದದ್ದು ಪೂವಪ್ಪನೇ. "ಸುಮ್ಮನಿರಿ ಕಿಟ್ಟಣ್ಣ. ಹೇಳ್ತೇನೆ ಅಂದ್ರಲ್ಲ. ಅವರ ಬಾಯಿಂದ ಬರಲಿ. ನಾವು ಹೇಳಿದ್ರೆ ನೆಪ ಆಗ್ತದೆ."

ಮದುವೆ ಮುಗಿಯಿತು. ಆಮೇಲೆ ಸೀಮಂತ ಆಗಲಿ ಎಂದರು. ಆಮೇಲೆ ಮೊಮ್ಮಗುವಿನ ನಾಮಕರಣ. ಆಮೇಲೆ ನಾವು ಕೇಳುವುದನ್ನೂ ಬಿಟ್ಟೆವು. ಪೂವಪ್ಪ ಹಿಂದಿನ ಕಟ್ಟೆಯಲ್ಲಿ ಕೂತು ಮೊದಲಿನ ಹಾಗೆ ಬಟಾಟೆ ಸುಲಿದ. ಹೊಸದಾಗಿ ಸೇರಿದವರು ಕೂಡ ಅವನನ್ನು ಉಪ್ಪು ಪೂವಪ್ಪ ಎಂದು ಕರೆದರು. ಅನುಷ್ಕಾ ಖಾರ್ಘರ್‌ನಿಂದ ತಂದೆಯನ್ನು ನೋಡಲು ಬಂದಾಗ ಅವನು ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಂಡು, ಎದ್ದು ನಿಲ್ಲುವನು. ಅವಳು ಗಲ್ಲೆಯ ಹತ್ತಿರ ಮಾತಾಡಿ, ಅಡುಗೆಕೋಣೆಯ ಕಡೆ ನೋಡದೆ ಹೊರಟುಹೋಗುವಳು. ಅವನು ಮತ್ತೆ ಕೂರುವನು.

"ಇವತ್ತೂ ಹೇಳಿರ್ಲಿಕ್ಕಿಲ್ಲ" ಎನ್ನುವನು. ಅಷ್ಟೇ.

ಎರಡು ಸಾವಿರದ ಹದಿನಾರರ ಮಳೆಗಾಲದಲ್ಲಿ ಅವನ ಶ್ವಾಸಕೋಶ ಕೈಕೊಟ್ಟಿತು. ಆ ಹಳೆಯ ಹಬೆಯದೇ ಬಾಕಿ ಕೆಲಸ. ಆಸ್ಪತ್ರೆಯಲ್ಲಿ ಕೂಡ ಬಾಗಿಲ ಕಡೆ ನೋಡುತ್ತಿದ್ದ. ಯಾರಿಗಾಗಿ ಎಂದು ನಾನು ಕೇಳಲಿಲ್ಲ.

ಅವನ ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯಂದು, ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಬೇಕು. ಸತ್ಯಮ್ಮ ಬಟಾಟೆ ಬರ್ಫಿ ಮಾಡಿದ್ದಳು. "ಅಕ್ಕ, ಅವನಿಗೆ ಇದು ಇಷ್ಟ ಅಂತ ನಿಮಗೆ ಹೇಗೆ ಗೊತ್ತು? ಅವನಿಗೆ ರುಚಿಯೇ..." ಎಂದು ನಿಲ್ಲಿಸಿದೆ. ಅವಳು ಒಂದು ತುಂಡು ನನ್ನ ಕೈಗೆ ಕೊಟ್ಟಳು. ಸತ್ತವನಿಗಿಂತ ಮೊದಲು ಯಾರೂ ತಿನ್ನಬಾರದು ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ.

"ನೀವು ನೋಡಿ ಕಿಟ್ಟಣ್ಣ. ನೀವು ನೋಡದೆ ಅವರು ಮುಟ್ಟುವವರಲ್ಲ."

ತಿಂದೆ. ತಲೆಯಾಡಿಸಿದೆ. ಆಮೇಲೆ ಅವಳು ಎಲೆಗೆ ಬಡಿಸಿದಳು.

ಶೆಟ್ಟರು ಮಗಳ ಜೊತೆ ಕಾರಿನಲ್ಲಿ ಬಂದರು. ಊಟಕ್ಕೆ ಕೂತರು. ಅನುಷ್ಕಾ ಬರ್ಫಿ ಬಾಯಿಗೆ ಹಾಕಿದವಳು ಅಗಿಯುವುದನ್ನು ನಿಲ್ಲಿಸಿದಳು. "ವಹೀ ಟೇಸ್ಟ್ ಹೈ, ಪಪ್ಪಾ. ಬಚ್‌ಪನ್ ವಾಲಾ." ಚಿಕ್ಕಂದಿನ ಅದೇ ರುಚಿ ಎಂದವಳು ಆ ದಿನ ಅಂಕಲ್‌ಗೆ ಏನಾಗಿತ್ತು ಎಂದೂ ಕೇಳಿದಳು, "ಉಸ್ ದಿನ್ ಅಂಕಲ್ ಕೋ ಕ್ಯಾ ಹೋ ಗಯಾ ಥಾ?"

ಸತ್ಯಮ್ಮ ಸಾರಿನ ಪಾತ್ರೆ ಹಿಡಿದು ಅಲ್ಲೇ ನಿಂತಳು. ನಾನೂ ನಿಂತೆ. ಶೆಟ್ಟರು ನನ್ನ ಮುಖ ನೋಡಿದರು, ಗೋಡೆಗೆ ಒರಗಿಸಿದ್ದ ಪೂವಪ್ಪನ ಫೋಟೋ ನೋಡಿದರು. ಈಗ ಹೇಳುತ್ತಾರೆ ಎಂದುಕೊಂಡೆ.

"ಆದದ್ದು ಆಯ್ತು ಮಗಾ" ಎಂದರು. "ಸತ್ತವರ ತಪ್ಪು ಎತ್ತಿ ಆಡಬಾರದು."

ನನ್ನ ಕೈ ಏಳುವುದರಲ್ಲಿತ್ತು. ಸತ್ಯಮ್ಮ ಪಾತ್ರೆಯನ್ನು ನನ್ನ ಕೈಗೆ ಕೊಟ್ಟುಬಿಟ್ಟಳು. "ಆ ಸಾಲಿಗೆ ಸಾರು ಬಡಿಸಿ ಕಿಟ್ಟಣ್ಣ." ಬಡಿಸಿದೆ. ಅವರು ಉಂಡು ಕೈ ತೊಳೆದು ಹೋದರು. ಮಾರನೇ ದಿನದಿಂದ ನಾನು ಆ ಹೋಟೆಲಿಗೆ ಹೋಗಲಿಲ್ಲ.

ಅವನ ನಾಲಿಗೆಯ ವಿಷಯ ಹೇಳುವುದಿಲ್ಲ ಎಂದು ನಾನು ಕೊಟ್ಟ ಮಾತು ಅವನು ಇದ್ದಷ್ಟು ದಿನ ನಡೆಯಿತು. ಈಗ ಬರೆದಿದ್ದೇನೆ. ಆದರೆ ಪೂವಪ್ಪ ಕೇಳಿದ್ದು ನನ್ನ ಬಾಯಿಂದಲ್ಲ. ಶೆಟ್ಟರು ಬದುಕಿದ್ದಾರೆ, ಮಗಳೂ ತಿಂಗಳಿಗೊಮ್ಮೆ ಬಂದು ಹೋಗುತ್ತಾಳೆ. ಅವಳಿಗೆ ಹೇಳುತ್ತೇನೆ ಎಂದಿದ್ದ ಆ ಒಂದು ಮಾತು ಇನ್ನೂ ಅವರ ಬಳಿಯೇ ಉಳಿದಿದೆ.