ಚಕ್ರ ಹಾಕಿಸಿದ ಬೀರು

“ಹೆಂಗಸ್ರು ಲೈಬ್ರರಿಗ್ ಬಂದು ಕೂರೋದಾ? ಆಗೋ ಮಾತಲ್ಲ ಬಿಡಮ್ಮ” ಎಂದವರು ನಮ್ಮ ಪಂಚಾಯಿತಿ ಅಧ್ಯಕ್ಷರು. ಪೇಪರಿನ ಸಿನಿಮಾ ಪುಟ ಬಿಟ್ಟು ಬೇರೇನನ್ನಾದರೂ ಅವರು ಓದಿದ್ದನ್ನು ನಾನಂತೂ ಕಂಡಿಲ್ಲ.

ಶಿವನಿಯಲ್ಲಿ ರೈಲು ಹತ್ತಿ, ಕಡೂರಿನಲ್ಲಿ ಓದಿ ಪದವಿ ಪಡೆದವಳು ನಾನು; ನಮ್ಮ ವಂಶಕ್ಕೇ ಮೊದಲನೆಯವಳು. ಅವ್ವ ಹೆಬ್ಬೆಟ್ಟು. ಊರಿನ ಹೊಸ ಗ್ರಂಥಾಲಯಕ್ಕೆ ಮೇಲ್ವಿಚಾರಕಿಯಾಗಿ ಸೇರಿದಾಗ ನನಗಿದ್ದ ಹಟ ಒಂದೇ: ಅವ್ವ ಅಲ್ಲಿ ಕೂತು ಅಕ್ಷರ ಕಲಿಯಬೇಕು.

ಇದ್ದದ್ದು ಒಂದೇ ಹಜಾರ. ಅಧ್ಯಕ್ಷರ ನಕ್ಷೆಯಲ್ಲಿ ಅರ್ಧ ಜಾಗ ಗಣ್ಯರ ವೇದಿಕೆಗೆ, ಉಳಿದರ್ಧ ನೆಲಕ್ಕೆ ಬೋಲ್ಟ್ ಹೊಡೆದ ಬೀರುಗಳಿಗೆ. ಓದುವವರು ಎಲ್ಲಿ ಕೂರಬೇಕೆಂದು ಕೇಳಿದರೆ, “ಹೊರ್ಗಡೆ ಜಗ್ಲಿ ಇಲ್ವಾ?” ಎಂದರು. ನಮ್ಮ ಮನೆಯೂ ಒಂದೇ ಕೋಣೆ. ರಾಗಿ ಚೀಲ ಸರಿಸಿದರೆ ಊಟದ ಮನೆ, ತಟ್ಟೆ ಎತ್ತಿದರೆ ನನ್ನ ಓದಿನ ಮನೆ. ಅಷ್ಟು ಬುದ್ಧಿ ಸಾಕಿತ್ತು. ಪಂಚಾಯಿತಿ ಸಭೆಯಲ್ಲಿ ಬೀರುಗಳಿಗೆ ಚಕ್ರ, ಮಡಚುವ ಮೇಜು ಕೇಳಿದೆ. ಬೆಳಿಗ್ಗೆ ಪರೀಕ್ಷೆಗೆ ಓದುವವರು, ಮಧ್ಯಾಹ್ನ ಹೆಂಗಸರು, ಸಂಜೆ ಪೇಪರಿನ ಹಿರಿಯರು ಅದೇ ಹಜಾರದಲ್ಲಿ ಕೂರಬಹುದಿತ್ತು.

“ಚಕ್ರ ಯಾಕಮ್ಮ? ಬೀರು ಮೇಯ್ಸಕ್ಕೆ ಎಮ್ಮೆದೊಡ್ಡಿ ಕಾವಲಿಗ್ ಹೊಡ್ಕೊಂಡೋಯ್ತೀಯಾ?”

ಅಧ್ಯಕ್ಷರ ಈ ಮಾತಿಗೆ ಸದಸ್ಯರೆಲ್ಲ ನಕ್ಕರು, ನಗುವುದಕ್ಕೇ ಊರು ಅವರನ್ನು ಆರಿಸಿದಂತಿತ್ತು. ವೇದಿಕೆಯನ್ನಂತೂ ಕಟ್ಟಿಯೇ ಬಿಟ್ಟರು. ಬೀರುಗಳಿಗೆ ಮಾತ್ರ, ಬೋಲ್ಟ್ ಹೊಡೆಯುವ ಮೊದಲೇ, ಕೊಬ್ಬರಿ ಮಂಡಿಯ ತಳ್ಳುಗಾಡಿ ಬೆಸೆಯುವವನ ಕೈಲಿ ನಾನೇ ಚಕ್ರ ಹಾಕಿಸಿದೆ.

ನವರಾತ್ರಿ ಬಂತು. ಪೂಜೆಗಿಟ್ಟ ಪುಸ್ತಕವನ್ನು ಮನೆಗಳಲ್ಲಿ ವಿಜಯದಶಮಿಗೆ ಎತ್ತಿ, ಒಂದು ಸಾಲಾದರೂ ಓದುತ್ತಾರೆ. ನಮ್ಮ ಅಧ್ಯಕ್ಷರು ಬೀರುಗಳನ್ನು ಹಜಾರದ ನಡುವೆ ನಿಲ್ಲಿಸಿ, ದಾರ ಸುತ್ತಿ, ಹಾರ ಹಾಕಿಸಿ, “ಜಿಲ್ಲಾ ಆಫೀಸಿನ್ ದೊಡ್ಡ ಸಾಹೇಬ್ರು ಬಂದು ಮೊದ್ಲು ಓದ್ಲಿ. ಅಲ್ಲೀಗಂಟ ಪುಸ್ತಕ ಯಾರೂ ಮುಟ್ಟಂಗಿಲ್ಲ” ಎಂದರು. ದಶಮಿ ಹೋಯಿತು, ದೀಪಾವಳಿ ಹೋಯಿತು, ಹಾರ ಒಣಗಿ ಉದುರಿತು. ಸಾಹೇಬರ ಸುಳಿವಿಲ್ಲ. ಸರಸ್ವತಿಯನ್ನೇ ಜಾಮೀನಿಲ್ಲದೆ ಒಳಗೆ ಹಾಕಿದ ಭಕ್ತಿ ಅದು!

ನಾನು ಪುಸ್ತಕ ಮುಟ್ಟಲಿಲ್ಲ. ಬೀರು ತಳ್ಳಿದೆ. ಕುಂಕುಮ, ದಾರ ಸಮೇತ ಅವು ಗೋಡೆಯತ್ತ ಉರುಳಿದವು. ತೆರವಾದ ನೆಲಕ್ಕೆ ಚಾಪೆ ಹಾಸಿ, ಮನೆಯಿಂದ ಸ್ಲೇಟು ತಂದು, ಅವ್ವನನ್ನೂ ನಮ್ಮ ಬೀದಿಯ ಹೆಂಗಸರನ್ನೂ ಕೂರಿಸಿದೆ.

ಅಧ್ಯಕ್ಷರು ಓಡಿ ಬಂದರು. “ಯಾರನ್ ಕೇಳಿ ಮುಟ್ಟಿದೆ?”

“ಮುಟ್ಬ್ಯಾಡ ಅಂದಿದ್ದು ಪುಸ್ತಕಾನ. ನಾನ್ ಮುಟ್ಟಿದ್ದು ಕಬ್ಣ ಕಣ್ರೀ.”

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮರುದಿನ ಇನ್ನೂ ನಾಲ್ವರು ಬಂದರು.

ಬೇಸಿಗೆಯ ಹೊತ್ತಿಗೆ ಅವ್ವ ಸಾಕ್ಷರತಾ ಪರೀಕ್ಷೆ ಪಾಸಾದಳು. ಪ್ರಮಾಣಪತ್ರ ಕೊಡುವುದಿದೆ, ಫೋಟೊ ತೆಗೆಯುವುದಿದೆ ಎಂದ ಮೇಲೆ ಸಾಹೇಬರಿಗೂ ಪುರುಸೊತ್ತಾಯಿತು. ಬಂದು ದಾರ ಬಿಚ್ಚಿದರು. ಸಾಲು ಓದಲಿಲ್ಲ, ಕನ್ನಡಕ ತಂದಿರಲಿಲ್ಲವಂತೆ. “ಇದು ನನ್ನ ಬಹುದಿನದ ಕನಸು” ಎಂದು ಅಧ್ಯಕ್ಷರು ಭಾಷಣ ಬಿಗಿದರು.

ಸಾಹೇಬರು ಅವ್ವನ ಕೈಗೆ ಪ್ರಮಾಣಪತ್ರ ಕೊಟ್ಟರು. ಅವಳು ಅಲ್ಲೇ ನಿಂತು ಬೆರಳಿಟ್ಟು ಓದತೊಡಗಿದಳು: ತನ್ನ ಹೆಸರು, ಊರಿನ ಹೆಸರು, ಕೆಳಗೆ ರುಜುವಿನ ಜೊತೆ ಅಧ್ಯಕ್ಷರ ಹೆಸರು.

“ಏನೇ, ಇವ್ರ ಹೆಸ್ರೂ ಐತಲ್ಲೇ ಇದ್ರಾಗೆ,” ಎಂದಳು ಹಜಾರಕ್ಕೆಲ್ಲ ಕೇಳುವಂತೆ. “ಇವ್ರೂ ಪಾಸಾದ್ರಾ?”