ಕೆಳಮನೆಯ ಕಾಕಿಮಾ ಜೂಡೋಗೆ ಮರಳಿದ ವರ್ಷ

ಹೊಸ ಜೂಡೋ ಅಂಗಿಯನ್ನು ಮೊದಲ ಸಲ ನೀರಿಗೆ ಹಾಕಿದಾಗ ಒಂದು ವಾಸನೆ ಏಳುತ್ತದೆ. ಗಂಜಿಯದ್ದು, ಇನ್ನೂ ಒಗೆಯದ ದಪ್ಪ ಹತ್ತಿಬಟ್ಟೆಯದ್ದು, ಜೊತೆಗೆ ಎಲ್ಲೋ ಸ್ವಲ್ಪ ಗೋಣಿಚೀಲದ್ದು. ಕಳೆದ ತಿಂಗಳು ಗರಿಯಾಹಾಟ್‌ನಿಂದ ಕೊಂಡು ತಂದ ಅಂಗಿಯನ್ನು ಬಚ್ಚಲಿನ ಬಕೆಟ್ಟಿನಲ್ಲಿ ಅದ್ದಿದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ನಲವತ್ತಾರು ವರ್ಷಗಳಲ್ಲಿ ಮೂವತ್ತು ಎಲ್ಲೋ ಜಾರಿಹೋದವು. ಕೆಳಮನೆಯ ಹೊಲಿಗೆ ಯಂತ್ರದ ಸದ್ದು ಕೇಳಿದಂತಾಯಿತು...

ಆಗ ನಾವು ಲೇಕ್ ಮಾರ್ಕೆಟ್ ಹಿಂದಿನ ಗಲ್ಲಿಯ ಒಂದು ಹಳೆಯ ಮನೆಯ ಮಹಡಿಯಲ್ಲಿದ್ದೆವು. ಅಪ್ಪ ಉಡುಪಿ ಕಡೆಯಿಂದ ಬಂಗಾಳಕ್ಕೆ ಬಂದು ಮಾರ್ಕೆಟ್ಟಿನ ಹತ್ತಿರ ಸಣ್ಣದೊಂದು ಹೋಟೆಲು ಇಟ್ಟಿದ್ದರು. ಇಡ್ಲಿ, ವಡೆ, ಮಸಾಲೆ ದೋಸೆ, ಕಾಫಿ. ಅಡಿಗೆಯ ಉಸ್ತುವಾರಿ ಅಮ್ಮನದು. ಕೆಳಗಿನ ಎರಡು ಕೋಣೆಗಳಲ್ಲಿ ಒಂದು ಬಂಗಾಳಿ ಸಂಸಾರ: ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ಗಂಡ, ಹತ್ತನೇ ತರಗತಿಯ ಮಗ, ಮತ್ತು ಹಗಲಿಡೀ ಸೀರೆಗೆ ಫಾಲ್ ಹಚ್ಚುತ್ತ, ರವಿಕೆ ಹೊಲಿಯುತ್ತ ಕೂತಿರುತ್ತಿದ್ದ ಕಾಕಿಮಾ. ಚಿಕ್ಕಮ್ಮ ಎಂಬ ಅರ್ಥದಲ್ಲಿ ಗಲ್ಲಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆಯುತ್ತಿದ್ದೆ. ಕುಳ್ಳಗೆ, ದುಂಡಗೆ ಇದ್ದರು. ಬಾಯಲ್ಲಿ ಯಾವಾಗಲೂ ಎರಡು ಗುಂಡುಸೂಜಿ. ಅವರ ಬಗ್ಗೆ ನನಗೆ ಇದಕ್ಕಿಂತ ಹೆಚ್ಚು ಏನೂ ಗೊತ್ತಿರಲಿಲ್ಲ.

ನಾನು ಶಾಲೆಯ ಗೆಳತಿಯ ಬೆನ್ನು ಹತ್ತಿ, ಢಾಕುರಿಯಾದ ರೈಲು ಹಳಿಯಾಚೆಗಿನ ಒಂದು ಕ್ಲಬ್ಬಿನಲ್ಲಿ ಜೂಡೋ ಕಲಿಯುತ್ತಿದ್ದೆ. ಹದಿನೈದು ತುಂಬಿದ ವರ್ಷ ಅಭ್ಯಾಸದ ನಡುವೆ ಒಬ್ಬಳು ನನ್ನನ್ನು ಎತ್ತಿ ಹಾಕಿದಳು. ಬೀಳುವಾಗ ಕೈ ಊರಬಾರದು ಎಂದು ನೂರು ಸಲ ಹೇಳಿಸಿಕೊಂಡಿದ್ದೆ. ಆದರೂ ಊರಿದೆ. ಕುತ್ತಿಗೆಯ ಕೆಳಗಿನ ಎಲುಬು ಮುರಿಯಿತು. ಆಸ್ಪತ್ರೆಯಲ್ಲಿ ಅಂಗಿಯ ಎಡ ಭುಜವನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಬೇಕಾಯಿತು. ಎಲುಬು ಎರಡು ತಿಂಗಳಲ್ಲಿ ಕೂಡಿಕೊಂಡಿತು. ಕೂಡದೆ ಉಳಿದದ್ದು ಧೈರ್ಯ. ಕ್ಲಬ್ಬಿನ ಹೆಸರು ಎತ್ತಿದರೆ ಮಾತು ಬದಲಿಸುತ್ತಿದ್ದೆ. ಎಂಟು ತಿಂಗಳು ಆ ಕಡೆ ಹೋಗಲಿಲ್ಲ. ಅಮ್ಮನಿಗೆ ಅದೇ ಬೇಕಿತ್ತು.

ಒಂದು ದಿನ ಅಮ್ಮ ಆ ಹರಿದ ಅಂಗಿಯನ್ನು ಕೆಳಗೆ ಕೊಟ್ಟುಬಂದರು. ಬಟ್ಟೆ ಒಳ್ಳೆ ದಪ್ಪ ಉಂಟು, ಕತ್ತರಿಸಿ ಅಂಚು ಹೊಲಿದರೆ ಬಿಸಿ ಪಾತ್ರೆ ಇಳಿಸ್ಲಿಕ್ಕೆ ನಾಲ್ಕು ಮಸಿಬಟ್ಟೆ ಆಗ್ತದೆ ಎಂಬುದು ಅವರ ಲೆಕ್ಕ. ವಾರದ ನಂತರ ತರಲು ಹೋದೆ. ಕಾಕಿಮಾ ನನ್ನ ಕೈಗಿಟ್ಟದ್ದು ಮಸಿಬಟ್ಟೆಗಳನ್ನಲ್ಲ, ಇಡೀ ಅಂಗಿಯನ್ನು. ಕತ್ತರಿಸಿದ ಭುಜವನ್ನು ಒಳಗಿನಿಂದ ಇನ್ನೊಂದು ಪದರ ಇಟ್ಟು ಜೋಡಿಸಿದ್ದರು. ಅಷ್ಟೇ ಆಗಿದ್ದರೆ ಅದು ಒಳ್ಳೆಯ ದರ್ಜಿಯ ಕೆಲಸ. ಆದರೆ ಹರಿಯದೇ ಇದ್ದ ಕಡೆಯೂ, ಎದುರಾಳಿ ಹಿಡಿದು ಜಗ್ಗುವ ಕೊರಳಪಟ್ಟಿಯ ಸರಿಯಾದ ಜಾಗದಲ್ಲಿ, ಮೊಣಕೈ ಕೆಳಗಿನ ತೋಳಿನ ಹಿಡಿಯಲ್ಲಿ, ಮೂರು ಸುತ್ತು ಹೊಲಿಗೆ ಹಾಕಿದ್ದರು. ನಾನು ಅಂಗಿಯನ್ನು ನೋಡಿದೆ, ಅವರನ್ನು ನೋಡಿದೆ.

"ನಿಮಗೆ ಹೇಗೆ ಗೊತ್ತು, ಕಾಕಿಮಾ?"

ಅವರು ಬಾಯಿಂದ ಗುಂಡುಸೂಜಿ ತೆಗೆದಿಟ್ಟು, ನನ್ನ ಕೊರಳಪಟ್ಟಿಯನ್ನು ಒಂದು ಕೈಯಲ್ಲಿ, ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದರು. ಅಷ್ಟೇ. ಎಳೆಯಲಿಲ್ಲ, ದೂಡಲಿಲ್ಲ. ಆದರೆ ನನ್ನ ಎರಡೂ ಹಿಮ್ಮಡಿಗಳು ನೆಲ ಬಿಟ್ಟಿದ್ದವು.

ಮದುವೆಗೆ ಮುಂಚೆ ಅದೇ ಕ್ಲಬ್ಬಿನಲ್ಲಿ ಆರು ವರ್ಷ ಕಲಿತಿದ್ದರಂತೆ. ನನಗೆ ಕಲಿಸುತ್ತಿದ್ದ ಅದೇ ಸರ್ ಕೈಯಲ್ಲಿ. ಇಪ್ಪತ್ತೊಂದಕ್ಕೆ ಮದುವೆಯಾಯಿತು, ಬಿಟ್ಟರು. ಯಾರೂ ಬಿಡು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹದಿನೆಂಟು ವರ್ಷ ದಾಟಿಬಿಟ್ಟಿತು. ಇದನ್ನೆಲ್ಲ ಬಂಗಾಳಿಯಲ್ಲಿ ಒಂದೇ ಉಸಿರಿಗೆ ಹೇಳಿದರು. ಹೇಳುತ್ತ ಹೇಳುತ್ತ ಅವರ ಮುಖವೇ ಬೇರೆಯಾಯಿತು... ಆ ಮುಖವನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

"ಶೋನ್," ಎಂದರು, ಕೇಳಿಲ್ಲಿ ಎನ್ನುವಂತೆ. "ಒಬ್ಬಳೇ ಹೋಗಲಿಕ್ಕೆ ನನಗೂ ಭಯ. ಇಬ್ಬರೂ ಹೋಗೋಣ."

ಅಮ್ಮನಿಗೆ ಹೇಳಿದ್ದು ಅರ್ಧ ಸತ್ಯ. ಕಾಕಿಮಾ ಜೊತೆಗಿರುತ್ತಾರೆ, ನಾನು ಬರೀ ಕಸರತ್ತು ಮಾಡಿ ಬರುತ್ತೇನೆ ಎಂದೆ. ಹೆಂಗಸೊಬ್ಬರು ಬೆಂಚಿನಲ್ಲಿ ಕೂತು ಕಾಯುತ್ತಾರೆ ಎಂದುಕೊಂಡು ಅಮ್ಮ ಒಲ್ಲದ ಮನಸ್ಸಿನಿಂದ ಒಪ್ಪಿದರು. ಕಾಕಿಮಾ ತಮ್ಮ ಮನೆಯಲ್ಲಿ ಹೇಳಿದ್ದೂ ಅಷ್ಟೇ: ಮಹಡಿಯ ಹುಡುಗಿಗೆ ಜೊತೆ ಹೋಗುತ್ತಿದ್ದೇನೆ.

ಮೊದಲ ದಿನ ನಾವು ತಲುಪುವಾಗ ಅಭ್ಯಾಸ ಶುರುವಾಗಿತ್ತು. ಸರ್ ಬಾಗಿಲ ಕಡೆ ತಿರುಗಿ ಕಾಕಿಮಾರನ್ನು ಬಹಳ ಹೊತ್ತು ನೋಡಿದರು. ತಡವಾಗಿ ಬಂದವರು ಚಾಪೆ ಗುಡಿಸಬೇಕೆಂಬುದು ಅಲ್ಲಿಯ ಕಟ್ಟುನಿಟ್ಟಿನ ನಿಯಮ. ಅವರು ಮೂಲೆಯ ಪೊರಕೆಯ ಕಡೆ ಬೆರಳು ತೋರಿಸಿದರು. ಕಾಕಿಮಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗುಡಿಸತೊಡಗಿದರು. ಗುಡಿಸುತ್ತ ನಗುತ್ತಿದ್ದರು. ಕಣ್ಣೀರೂ ಬರುತ್ತಿತ್ತು ಎಂದು ಈಗ ಅನ್ನಿಸುತ್ತದೆ, ಆಗ ಧೂಳು ಎಂದುಕೊಂಡಿದ್ದೆ.

ಆ ಸಂಜೆ ಯಾರದೋ ಅಂಗಿ ತೊಟ್ಟು ಹತ್ತು ಸಲ ಬಿದ್ದೆದ್ದರು. ಉಸಿರು ಸಾಲದೆ ಗೋಡೆಗೆ ಒರಗಿ ಕೂತರು, ಮತ್ತೆ ಎದ್ದರು. ಮರುದಿನ ತೊಡೆ ಹಿಡಿದುಕೊಂಡು ಯಂತ್ರ ತುಳಿಯಲು ಆಗಲಿಲ್ಲ. ನಾಲ್ಕು ದಿನ ಕೆಳಮನೆಯಿಂದ ಸದ್ದೇ ಬರಲಿಲ್ಲ. ಫಾಲ್ ಹಚ್ಚಲು ಕೊಟ್ಟವರು ಬಂದು ಬಂದು ಮರಳಿದರು. ಐದನೆಯ ದಿನ ಸಂಜೆ ನಾನು ಇಳಿಯುವ ಮೊದಲೇ ಅವರು ಚಪ್ಪಲಿ ಹಾಕಿ ಬಾಗಿಲಲ್ಲಿ ನಿಂತಿದ್ದರು.

ಮೂರು ತಿಂಗಳು ಹಾಗೆ ನಡೆಯಿತು. ಅವರು ವಾರದಿಂದ ವಾರಕ್ಕೆ ಹಗುರಾದರು. ನಾನು ಮಾತ್ರ ಸೆಟೆದುಕೊಂಡೇ ಇದ್ದೆ. ಎಡಗಡೆಗೆ ಬೀಳುವ ಸಂದರ್ಭ ಬಂದರೆ ಎದುರಾಳಿಯ ಅಂಗಿಗೆ ಜೋತುಬಿದ್ದು ನಿಂತುಬಿಡುತ್ತಿದ್ದೆ. ಕಾಕಿಮಾ ಬಯ್ಯದೆ ನೋಡುತ್ತಿದ್ದರು.

ಗುಟ್ಟು ರಟ್ಟಾದದ್ದು ಅಮ್ಮನಿಂದ. ಕಾಕಿಮಾ ತೋಳಿನ ಮೇಲೆ ನೀಲಿ ಗುರುತುಗಳನ್ನು ಅಮ್ಮ ಗಮನಿಸುತ್ತಿದ್ದರಂತೆ. ಮೊದಲು ತೋಳು, ಆಮೇಲೆ ಕುತ್ತಿಗೆ, ಒಂದು ದಿನ ಕಣ್ಣಿನ ಕೆಳಗೂ. ಆ ಭಾನುವಾರ ಬೆಳಿಗ್ಗೆ ಅಮ್ಮ ಕೈ ಒರೆಸಿಕೊಂಡು ನೇರ ಕೆಳಗಿಳಿದರು. ಪತ್ರಿಕೆ ಓದುತ್ತಿದ್ದ ಆ ಸಾಧು ಗುಮಾಸ್ತರ ಎದುರು ನಿಂತು, ತಮಗೆ ಬರುವಷ್ಟು ಹಿಂದಿಯಲ್ಲಿ, ಹೆಂಡತಿಯ ಮೇಲೆ ಕೈ ಮಾಡುವ ಗಂಡಸಿಗೆ ನಮ್ಮ ಊರಲ್ಲಿ ಏನು ಮಾಡುತ್ತಾರೆ ಎಂದು ವಿವರಿಸತೊಡಗಿದರು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಗುಮಾಸ್ತರಿಗೆ ಏನೊಂದೂ ತಿಳಿಯದೆ ಕೈಯಿಂದ ಪತ್ರಿಕೆ ಜಾರಿ ಬಿತ್ತು. ಕಾಕಿಮಾ ಅಡಿಗೆಮನೆಯಿಂದ ಓಡಿಬಂದು, ಅಮ್ಮನ ಕೈ ಹಿಡಿದು, ಎಲ್ಲ ಹೇಳಿಬಿಟ್ಟರು.

ಗಂಡ ಬಗ್ಗಿ ಪತ್ರಿಕೆ ಎತ್ತಿ ಮಡಿಚಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು, "ನೀನೂ ಯಾರನ್ನಾದರೂ ಬೀಳಿಸಿದೆಯೋ, ಇಲ್ಲ ಬರೀ ಬೀಳುವುದೋ?"

ಕಾಕಿಮಾ ನಕ್ಕರು. ಅಮ್ಮ ನಗಲಿಲ್ಲ. ನನ್ನ ಕಡೆ ತಿರುಗಿ, "ಎಂತ ಮಾರಾಯ್ತಿ, ನನ್ನ ಹತ್ರ ಸುಳ್ಳು ಹೇಳ್ಲಿಕ್ಕೆ ನಿನಗೆ ಹೇಗೆ ಮನಸ್ಸು ಬಂತು? ಇನ್ನು ನೀನು ಹೋಗ್ಲಿಕ್ಕಿಲ್ಲ," ಎಂದರು. ದನಿ ಏರಲಿಲ್ಲ. ಅದೇ ಹೆಚ್ಚು ನೋಯಿಸಿತು.

ಕಾಕಿಮಾ ಬೇಡಿದ್ದು ಒಂದೇ. ಇನ್ನೆರಡು ವಾರಕ್ಕೆ ಹೌರಾದಲ್ಲಿ ಕ್ಲಬ್ಬುಗಳ ನಡುವೆ ಪಂದ್ಯವಿತ್ತು, ಇಬ್ಬರೂ ಹೆಸರು ಕೊಟ್ಟಿದ್ದೆವು. "ದೀದಿ, ಒಂದು ಸಲ ಬಂದು ನೋಡಿ. ನೋಡಿದ ಮೇಲೂ ಬೇಡ ಅಂದರೆ ನಾನೂ ಬಿಡುತ್ತೇನೆ." ತಮ್ಮ ಜೂಡೋವನ್ನೂ ಅವರು ಪಣಕ್ಕಿಟ್ಟದ್ದು ನನಗೆ ಅರ್ಥವಾಯಿತು.

ಪಂದ್ಯದ ದಿನ ಸೇತುವೆ ದಾಟುವ ಬಸ್ಸಿನಲ್ಲಿ ಅಮ್ಮ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು, ಮಡಿಲಲ್ಲಿ ಚಿತ್ರಾನ್ನದ ಡಬ್ಬಿ. ನಾನು ಚೀಲದೊಳಗೆ ಕೈ ಹಾಕಿ ಅಂಗಿಯ ಎಡ ಭುಜದ ಹೊಲಿಗೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೆ. ಕಾಕಿಮಾ ಮಾತ್ರ ಮದುವೆಮನೆಗೆ ಹೊರಟವರ ಹಾಗೆ ಇದ್ದರು.

ಅವರ ಪಂದ್ಯ ಮೊದಲು. ಎದುರಿಗೆ ಪೊಲೀಸ್ ಕೆಲಸಕ್ಕೆ ತಯಾರಾಗುತ್ತಿದ್ದ ಇಪ್ಪತ್ತೆರಡರ ಹುಡುಗಿ, ಇವರಿಗಿಂತ ಒಂದು ತಲೆ ಎತ್ತರ. ಸುತ್ತಲಿನವರು ನಗುತ್ತಿದ್ದರು. ನಗು ಒಂದು ನಿಮಿಷದಲ್ಲಿ ನಿಂತಿತು. ಆ ಹುಡುಗಿ ಎಳೆದರೆ ಕಾಕಿಮಾ ನೀರಿನ ಹಾಗೆ ಹೋಗುತ್ತಿದ್ದರು, ದೂಡಿದರೆ ಅಲ್ಲಿ ಇರುತ್ತಲೇ ಇರಲಿಲ್ಲ. ಎರಡು ಸಲ ಅವಳ ಮೊಣಕಾಲು ಚಾಪೆಗೆ ತಾಗಿಸಿದರು. ಸಭಾಂಗಣ ಕೂಗತೊಡಗಿತು. ಮೂರನೆಯ ನಿಮಿಷದಲ್ಲಿ ಹುಡುಗಿಗೆ ಹಿಡಿತ ಸಿಕ್ಕಿತು. ಕಾಕಿಮಾ ಗಾಳಿಯಲ್ಲಿ ಒಂದು ಸುತ್ತು ತಿರುಗಿ ಬೆನ್ನ ಮೇಲೆ ಬಿದ್ದರು. ಆ ಸದ್ದಿಗೆ ಅಮ್ಮ ಎದ್ದು ನಿಂತರು. ಪೂರ್ಣ ಅಂಕ, ಪಂದ್ಯ ಮುಗಿಯಿತು.

ಕಾಕಿಮಾ ಎದ್ದರು, ಬಾಗಿ ನಮಸ್ಕರಿಸಿದರು, ನೇರ ನನ್ನ ಬಳಿಗೆ ಬಂದರು. ಕೂದಲು ಬಿಚ್ಚಿಹೋಗಿತ್ತು, ಮುಖ ಹೊಳೆಯುತ್ತಿತ್ತು. "ನೋಡಿದೆಯಲ್ಲ? ಇದಕ್ಕಿಂತ ಜೋರಾಗಿ ಇಲ್ಲಿ ಯಾರೂ ಬೀಳುವುದಿಲ್ಲ. ಹೋಗು. ಕೈ ಊರಬೇಡ."

ನನ್ನ ಹೆಸರು ಕರೆದರು. ಮುಂದಿನದೆಲ್ಲ ತುಂಡು ತುಂಡಾಗಿ ನೆನಪಿದೆ... ಎದುರಾಳಿಯ ಕೈ ನನ್ನ ಕೊರಳಪಟ್ಟಿಯಲ್ಲಿ. ನನ್ನ ಕಾಲ ಕೆಳಗೆ ಅವಳ ಕಾಲು. ನೆಲ ತಪ್ಪಿತು. ಎಡಗಡೆಗೆ, ಅದೇ ಎಡಗಡೆಗೆ ಬೀಳುತ್ತಿದ್ದೇನೆ ಎಂದು ತಿಳಿಯುವಷ್ಟು ಸಮಯ ಸಿಕ್ಕಿತು. ಕೈ ಚಾಚಲಿಲ್ಲ. ತೋಳಿಡೀ ಚಾಪೆಗೆ ಬಡಿದು ಬಿದ್ದೆ. ನೋವಾಗಲಿಲ್ಲ. ಅವಳಿಗೆ ಅರ್ಧ ಅಂಕವಷ್ಟೇ ಸಿಕ್ಕಿತ್ತು, ಪಂದ್ಯ ಮುಗಿದಿರಲಿಲ್ಲ. ನಾನು ನಗುತ್ತ ಎದ್ದೆನಂತೆ, ಆಮೇಲೆ ಅಪ್ಪನ ಹತ್ತಿರ ಅಮ್ಮ ಹೇಳಿದ್ದು. ಎರಡನೆಯ ಸಲ ಇಬ್ಬರೂ ಕೂಡಿಯೇ ಬಿದ್ದೆವು, ಮೇಲೆ ನಾನಿದ್ದೆ. ಮೂವತ್ತು ಸೆಕೆಂಡು ಒತ್ತಿ ಹಿಡಿದರೆ ಗೆಲುವು. ಅವಳು ಕೊಸರುತ್ತಿದ್ದಾಳೆ, ಬೆವರಿನಲ್ಲಿ ನನ್ನ ಬೆರಳು ಜಾರುತ್ತಿವೆ, ಅಷ್ಟರಲ್ಲಿ ಆ ಸಭಾಂಗಣದಲ್ಲಿ ಇನ್ನಾರಿಗೂ ಅರ್ಥವಾಗದ ಭಾಷೆಯಲ್ಲಿ ಒಂದು ದನಿ ಕೇಳಿತು.

"ಬಿಡ್ಬೇಡ, ಒತ್ತಿ ಹಿಡಿ. ಇಡ್ಲಿ ಪಾತ್ರೆಯ ಮುಚ್ಚಳ ಒತ್ತುವ ಹಾಗೆ ಹಿಡಿ."

ಹಿಡಿದೆ. ಗಂಟೆ ಬಾರಿಸಿತು.

ಮರಳುವಾಗ ಬಸ್ಸು ಸೇತುವೆಯ ಮೇಲೆ ನಿಂತುಬಿಟ್ಟಿತ್ತು, ಮುಂದೆ ವಾಹನಗಳ ಸಾಲು. ಕಾಕಿಮಾ ಅಮ್ಮನ ಭುಜಕ್ಕೆ ಒರಗಿ ನಿದ್ದೆಹೋಗಿದ್ದರು. ಅಮ್ಮ ಅಲುಗಾಡದೆ ಕೂತು, ಪಿಸುದನಿಯಲ್ಲಿ ನನಗೆ ಹೇಳಿದರು: "ನಾಳೆಯಿಂದ ಇವರಿಗೆ ಬೆಳಿಗ್ಗೆ ಹೋಟ್ಲಿಂದ ತಿಂಡಿ ಕಳಿಸುವ. ಗಟ್ಟಿ ಆಗ್ಬೇಕಲ್ವಾ?"

ಆಮೇಲೆ ಆರು ವರ್ಷ ನಾವು ಜೊತೆಯಾಗಿಯೇ ಹೋದೆವು. ಅವರು ನಲವತ್ತನಾಲ್ಕಕ್ಕೆ ಕಪ್ಪು ಪಟ್ಟಿ ಕಟ್ಟಿದರು. ಪಂದ್ಯಗಳಲ್ಲಿ ಬಹುತೇಕ ಸೋತರು, ಒಂದರಲ್ಲೂ ಮುಖ ಬಾಡಿಸಲಿಲ್ಲ. ಇಪ್ಪತ್ತೆರಡಕ್ಕೆ ನನ್ನ ಮದುವೆಯಾಯಿತು. ಹೋಟೆಲು, ಅಡಿಗೆ ಗುತ್ತಿಗೆ, ಎರಡು ಮಕ್ಕಳು... ನನಗೂ ಯಾರೂ ಬಿಡು ಎನ್ನಲಿಲ್ಲ. ಬಿಟ್ಟಾಗ ಅವರು ಬಯ್ಯಲಿಲ್ಲ. "ಹದಿನೆಂಟು ವರ್ಷ ದಾಟಿಸಬೇಡ" ಎಂದರು, ಅಷ್ಟೆ. ಸ್ವಲ್ಪ ಕಾಲಕ್ಕೆ ಆ ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟು ಎದ್ದಿತು, ಅವರು ಸೋದ್‌ಪುರಕ್ಕೆ ಹೋದರು. ದುರ್ಗಾಪೂಜೆ ಮುಗಿದ ಮೇಲೆ ಶುಭೋ ಬಿಜಯಾ ಎಂದು ಹಬ್ಬದ ಶುಭಾಶಯ ಹೇಳಲು ಫೋನು ಮಾಡುತ್ತಿದ್ದರು. ಬಾ ಎನ್ನುತ್ತಿದ್ದರು, ಬರುತ್ತೇನೆ ಎನ್ನುತ್ತಿದ್ದೆ. ಲೋಕಲ್ ರೈಲಿನಲ್ಲಿ ಹೋದರೆ ಎಷ್ಟು ಹೊತ್ತಿನ ದಾರಿ? ಹೋಗಲಿಲ್ಲ. ಹೋದ ವರ್ಷದ ಚಳಿಗಾಲದಲ್ಲಿ ಅವರ ಮಗನಿಂದ ಸಂದೇಶ ಬಂತು. ನಮ್ಮ ಅಮ್ಮ ತೀರಿಹೋಗಿ ಒಂದು ತಿಂಗಳಾಯಿತು, ಡೈರಿಯಲ್ಲಿ ನಿಮ್ಮ ನಂಬರು ಸಿಕ್ಕಿತು, ತಿಳಿಸಬೇಕೆನ್ನಿಸಿತು ಎಂದು.

ನಾನು ಮರಳಿ ಹೋದದ್ದು ಇಪ್ಪತ್ನಾಲ್ಕು ವರ್ಷಕ್ಕೆ. ಅವರು ಹಾಕಿಕೊಟ್ಟ ಗಡುವಿಗಿಂತ ಆರು ವರ್ಷ ತಡವಾಗಿ.

ಸರ್ ಇಲ್ಲ, ಆ ಕ್ಲಬ್ಬೂ ಇಲ್ಲ. ಈಗ ಹೋಗುವುದು ಮನೆಯ ಹತ್ತಿರದ ಬೇರೊಂದು ಕಡೆ, ಮಂಗಳವಾರ ಮತ್ತು ಗುರುವಾರ. ಮೊದಲ ಗುರುವಾರ ನನ್ನ ಎದುರು ನಿಂತದ್ದು ನನ್ನ ಮಗಳಿಗಿಂತ ಚಿಕ್ಕ ವಯಸ್ಸಿನ ಕಾಲೇಜು ಹುಡುಗಿ. ಹಿಡಿತ ಸಿಕ್ಕಿದ ಕೂಡಲೇ ಮೈ ತಾನಾಗಿ ತಗ್ಗಿತು, ಕಾಲು ತಾನಾಗಿ ಸರಿಯಿತು, ಎದೆ ಹದಿನಾರರ ಎದೆಯ ಹಾಗೆ ಹೊಡೆದುಕೊಂಡಿತು. ಹತ್ತು ಸೆಕೆಂಡಿನ ಮಟ್ಟಿಗೆ ನಾನು ಗೆಲ್ಲುತ್ತೇನೆ ಎಂದೇ ಅನ್ನಿಸಿತ್ತು. ಆಮೇಲೆ ಸುತ್ತಿ ಬಿದ್ದೆ. ಮಲಗಿದಲ್ಲೇ ಮೇಲಿನ ಫ್ಯಾನು ನೋಡುತ್ತ ನಗು ತಡೆಯಲಾಗಲಿಲ್ಲ. ನಗುತ್ತಿರುವಾಗಲೇ ಕಣ್ಣು ತುಂಬಿಬಂತು. ಹುಡುಗಿ ಹೆದರಿ ಬಗ್ಗಿದಳು.

"ಆಂಟಿ, ಲೇಗೆಛೇ?" ಪೆಟ್ಟಾಯಿತೇ ಎಂದು ಕೇಳುತ್ತಿದ್ದಳು.

ಇಲ್ಲವೆಂದು ತಲೆಯಾಡಿಸಿದೆ. ಇಷ್ಟು ಚೆನ್ನಾಗಿ ಬಿದ್ದೆ ಎಂದು ಹೇಳಬೇಕಾಗಿದ್ದವರಿಗೆ ಒಂದು ವರ್ಷ ಮುಂಚೆ ಮರಳಿದ್ದರೆ ಹೇಳಬಹುದಾಗಿತ್ತು ಎಂಬುದನ್ನು ಆ ಮಗುವಿಗೆ ಹೇಗೆ ವಿವರಿಸುವುದು? ಅವಳು ಕೈ ಚಾಚಿದಳು. ನಾನು ಆ ಕೈ ಹಿಡಿದು ಎದ್ದೆ, ಪಟ್ಟಿ ಬಿಗಿದುಕೊಂಡೆ, ಇನ್ನೊಮ್ಮೆ ಅವಳ ಕೊರಳಪಟ್ಟಿಗೆ ಕೈ ಹಾಕಿದೆ.